ಐಇಎಲ್‌ಟಿಎಸ್ ಮಾತಿನ ಪರೀಕ್ಷೆ ವಿಡಿಯೊ ಕರೆಯಲ್ಲಿ ನಡೆಯಬಹುದೇ?

ಪರ

ಬ್ರಿಟನ್ನಿನಲ್ಲಿ ಕೆಲಸ ಮಾಡಬಯಸುವ ಶಿವಮೊಗ್ಗ ಜಿಲ್ಲೆಯ ಹೊಸನಗರದ ನರ್ಸೊಬ್ಬಳು ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್ ಆರಿಸಿಕೊಂಡರೆ ಮಾತಿನ ಭಾಗದಲ್ಲಿ ಕನಿಷ್ಠ 7 ಅಂಕ ಪಡೆಯಬೇಕು. ಆ ಭಾಗ ಹೆಚ್ಚೆಂದರೆ 14 ನಿಮಿಷದ್ದು. ಅಷ್ಟಕ್ಕಾಗಿ ಅವಳು ಬೆಂಗಳೂರಿನಂಥ ದೂರದ ಊರಿಗೆ ರಾತ್ರಿ ಬಸ್ಸು ಹಿಡಿಯಬೇಕಾಗಬಹುದು. ಮಾತಿನ ಪರೀಕ್ಷೆ ಬರವಣಿಗೆಯ ದಿನವೇ ಇರಬೇಕೆಂದಿಲ್ಲವಾದ್ದರಿಂದ ಕೆಲವೊಮ್ಮೆ ಎರಡು ಸಲ ಹೋಗಿಬರಬೇಕು.

ವಿಡಿಯೊ ಕರೆಯಲ್ಲಿ ಪ್ರಶ್ನೆಗಳ ಬಗೆ, ಅವಧಿ, ಅಂಕ ನೀಡುವ ಮಾನದಂಡ ಯಾವುದೂ ಬದಲಾಗುವುದಿಲ್ಲ. ಅಭ್ಯರ್ಥಿ ಕೇಂದ್ರದ ಕೋಣೆಯಲ್ಲಿ, ಗುರುತಿನ ತಪಾಸಣೆ ಮುಗಿಸಿಯೇ ಕೂರುತ್ತಾಳೆ. ದೂರದಲ್ಲಿರುವವರು ಪರೀಕ್ಷಕರು ಮಾತ್ರ. ಹಾಗಿರುವಾಗ ಶಿವಮೊಗ್ಗದಂಥ ಊರಿಗೆ ಬೇಕಾದದ್ದು ಒಂದು ಸದ್ದಿಲ್ಲದ ಕೋಣೆ ಮತ್ತು ನೆಚ್ಚಬಹುದಾದ ಇಂಟರ್ನೆಟ್ ಸಂಪರ್ಕ. ನಾಲ್ಕು ಮನೆ ಆಚೆಗೆ ಎಲ್ಲರೂ ನೆಂಟರೇ ಆಗಿರುವ ನಮ್ಮ ಸೀಮೆಯಲ್ಲಿ, ಅಭ್ಯರ್ಥಿಯ ಮನೆತನದ ಪರಿಚಯವೇ ಇಲ್ಲದ ಪರೀಕ್ಷಕರು ಸಿಗುವುದೂ ಸಣ್ಣ ಲಾಭವಲ್ಲ.

ವಿರೋಧ

ಪ್ರಯಾಣದ ಕಷ್ಟ ನಿಜ; ಆದರೆ ಅದನ್ನು ತಪ್ಪಿಸಲು ಅಳತೆಗೋಲನ್ನೇ ಸಡಿಲಿಸುವುದು ಸರಿಯಲ್ಲ. ಈ ಪರೀಕ್ಷೆಯಲ್ಲಿ ಅಂಕ ಬೀಳುವುದು ನಾಲ್ಕು ಅಂಶಗಳಿಗೆ: ತಡೆಯಿಲ್ಲದ ಸುಸಂಬದ್ಧ ಮಾತು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಇವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ದುರ್ಬಲ ಸಂಪರ್ಕ ನೇರವಾಗಿ ಪೆಟ್ಟು ಕೊಡುತ್ತದೆ. ಮೂರು ಹಂತಗಳ ಈ ಮಾತಿನ ಪರೀಕ್ಷೆಯ ಎರಡನೆಯ ಹಂತದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಒಬ್ಬರೇ ಮಾತಾಡುವುದರಿಂದ ತೊಡಕು ಕಡಿಮೆ. ಮೂರನೆಯ ಹಂತ ಮಾತ್ರ ಪ್ರಶ್ನೆಗೆ ಮರುಪ್ರಶ್ನೆ ಬೆಳೆಯುವ ನಿಜವಾದ ಚರ್ಚೆ. ಅಲ್ಲಿ ಧ್ವನಿ ಅರೆಕ್ಷಣ ತಡವಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ನಿಲ್ಲಿಸಿ, ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾರೆ. ಆ ಮೌನ ಸಂಪರ್ಕದ್ದೋ ಪದಕ್ಕಾಗಿ ತಡಕಾಡುತ್ತಿರುವ ಅಭ್ಯರ್ಥಿಯದ್ದೋ ಎಂದು ಪರೀಕ್ಷಕರು ಪ್ರತಿಸಲವೂ ಸರಿಯಾಗಿ ಊಹಿಸಬಲ್ಲರೆಂದು ನಂಬುವುದು ಕಷ್ಟ. ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯು’ ಅಕ್ಷರಗಳಿಗೆ ಒಂದೇ ‘ವ’ಕಾರ ಬಳಸುವ ನಮ್ಮ ನಾಲಿಗೆಗೆ ತುಟಿಯ ಚಲನೆ ಎದುರಿನವರಿಗೆ ಕಾಣುವುದೂ ಮುಖ್ಯ, ಚಿತ್ರ ಹೆಪ್ಪುಗಟ್ಟಿದರೆ ಆ ನೆರವೂ ಇಲ್ಲ.

ಇನ್ನು ಮಲೆನಾಡಿನ ಆಷಾಢ. ಮರ ಬಿದ್ದು ತಂತಿ ಕಡಿದಾಗ ಯುಪಿಎಸ್ ಕಂಪ್ಯೂಟರನ್ನು ಉಳಿಸೀತು, ಊರಾಚೆ ತುಂಡಾದ ಕೇಬಲನ್ನಲ್ಲ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಪಕ್ಕದಲ್ಲಿದ್ದವರ ಮಾತೇ ಕೇಳದು. ಮೈಕಿಗೆ ಇನ್ನೇನು ಕೇಳೀತು? ಅಂಕದ ಬಗ್ಗೆ ತಕರಾರಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದಲ್ಲ ಎನ್ನುವವರಿದ್ದಾರೆ. ಆದರೆ ಮಾತಿನ ಭಾಗದ ಮರುಮೌಲ್ಯಮಾಪನಕ್ಕೆ ಆಧಾರ ಆ ದಿನದ ಧ್ವನಿಮುದ್ರಣವೇ. ಕರೆಯಲ್ಲಿ ನುಂಗಿಹೋದ ಮಾತು ಅದರಲ್ಲಿಯೂ ಇರದಿದ್ದರೆ ಎರಡನೆಯ ಪರೀಕ್ಷಕರು ಕೇಳಿಸಿಕೊಳ್ಳುವುದೂ ಅದೇ ಮೌನವನ್ನೇ.