ಮೂರ್ತಿರಾಯರ ‘ದೇವರು’ ನಂಬುವ ಓದುಗರಿಗೆ ನ್ಯಾಯ ಸಲ್ಲಿಸುತ್ತದೆಯೇ?

ಎ.ಎನ್. ಮೂರ್ತಿರಾವ್ ಅವರ ‘ದೇವರು’ 1991ರಲ್ಲಿ ಅಚ್ಚಾದಾಗ ಲೇಖಕರಿಗೆ ತೊಂಬತ್ತು ದಾಟಿತ್ತು. ಲಲಿತ ಪ್ರಬಂಧಗಳ ಮೂಲಕ ಕನ್ನಡಿಗರಿಗೆ ಆಪ್ತರಾಗಿದ್ದ, 1984ರಲ್ಲಿ ಕೈವಾರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಹಿರಿಯರೊಬ್ಬರು, ಸರ್ವಶಕ್ತನೂ ದಯಾಮಯನೂ ಆದ ಸೃಷ್ಟಿಕರ್ತನೊಬ್ಬನಿದ್ದಾನೆಂದು ಒಪ್ಪಲು ತಮಗೆ ಆಧಾರ ಕಾಣುತ್ತಿಲ್ಲವೆಂದು ತಿಳಿಗನ್ನಡದಲ್ಲಿ ಬರೆದರು. ಸರ್ಕಾರದ ಪಂಪ ಪ್ರಶಸ್ತಿಯೂ ಅದಕ್ಕೆ ಸಂದಿತು. ಓದಿದವರಲ್ಲಿ ಕೆಲವರು ತಮ್ಮ ಮನಸ್ಸಿನ ದೊಡ್ಡ ಭಾರವೊಂದು ಇಳಿಯಿತೆನ್ನುತ್ತಾರೆ. ಇನ್ನು ಕೆಲವರು ತಾವು ಕೈಮುಗಿಯುವ ದೇವರು ಆ ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲವೆನ್ನುತ್ತಾರೆ. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ನಂಬಿಕೆಯುಳ್ಳ ಓದುಗರನ್ನು ಆ ಪುಸ್ತಕ ಸರಿಯಾಗಿ ಅರ್ಥಮಾಡಿಕೊಂಡಿದೆಯೇ, ಅವರಿಗೆ ನ್ಯಾಯವಾಗಿ ನಡೆದುಕೊಂಡಿದೆಯೇ ಎಂಬುದಷ್ಟೇ ಈ ಎರಡು ಬರಹಗಳ ವಿಷಯ.

ಪರ

ನಂಬಿಕೆಗೆ ಗೌರವ ಕೊಡುವುದೆಂದರೆ ಅದರ ತಂಟೆಗೆ ಹೋಗದಿರುವುದು ಎಂದು ನಾವು ಬಹುಮಟ್ಟಿಗೆ ತಿಳಿದಿದ್ದೇವೆ. ಹಿರಿಯರೆದುರು ದೇವರ ಮಾತು ಬಂದರೆ ವಿಷಯ ಬದಲಿಸುತ್ತೇವೆ. ನಂಬದವರೂ ಹಬ್ಬದ ದಿನ ಸುಮ್ಮನೆ ಮಂಗಳಾರತಿ ತೆಗೆದುಕೊಂಡು ಬರುತ್ತಾರೆ. ಇದರಲ್ಲಿ ಸೌಜನ್ಯವಿದೆ, ಸರಿ. ಆದರೆ ನಂಬುವವರಿಗೆ ವಾದವನ್ನು ಕೇಳಿ ತಾಳಿಕೊಳ್ಳುವ ಶಕ್ತಿಯಿಲ್ಲವೆಂಬ ಒಳಗಿನ ತಾತ್ಸಾರವೂ ಇದೆ. ಮೂರ್ತಿರಾಯರು ಆ ದಾರಿ ಹಿಡಿಯಲಿಲ್ಲ. ಓದುಗರನ್ನು ತಮಗೆ ಸರಿಸಮರೆಂದು ಬಗೆದು, ಎದುರಿಗೆ ಕೂರಿಸಿಕೊಂಡು ಮಾತಾಡುವ ಧಾಟಿಯಲ್ಲಿ, ಯಾರನ್ನೂ ಹೀಯಾಳಿಸದೆ ಬರೆದರು. ನಂಬುವವರಿಗೆ ಒಬ್ಬ ನಾಸ್ತಿಕ ಸಲ್ಲಿಸಬಹುದಾದ ಮೊದಲ ನ್ಯಾಯ ಇದು.

ಅವರು ಅಲ್ಲಗಳೆಯುವ ದೇವರು ಪಾಶ್ಚಾತ್ಯರ ಕಲ್ಪನೆ, ನಮ್ಮವರು ನಂಬುವುದು ಬೇರೆಯದನ್ನು ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ನಮ್ಮ ಹರಕೆಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಮಗನಿಗೆ ಕೆಲಸ ಸಿಕ್ಕರೆ ಮುಡಿ ಕೊಡುತ್ತೇನೆ, ಆಪರೇಷನ್ ಸುಸೂತ್ರವಾದರೆ ಉರುಳುಸೇವೆ ಮಾಡುತ್ತೇನೆ ಎಂದು ಬೇಡಿಕೊಳ್ಳುವವರು, ತಮ್ಮ ಮಾತು ಕೇಳಿಸಿಕೊಳ್ಳುವ, ತಮ್ಮ ಕಷ್ಟ ಗೊತ್ತಿರುವ, ಅದನ್ನು ಕಳೆಯಬಲ್ಲ, ಕಳೆಯಲು ಮನಸ್ಸೂ ಇರುವ ಒಬ್ಬನನ್ನು ನಂಬಿದ್ದಾರೆ. ಗುಣ, ರೂಪ ಯಾವುದೂ ಇಲ್ಲದ ವೇದಾಂತದ ನಿರ್ಗುಣ ಬ್ರಹ್ಮಕ್ಕೆ ಯಾರೂ ಹರಕೆ ಹೊರುವುದಿಲ್ಲ. ಜನ ನಿಜವಾಗಿ ಮೊರೆಹೋಗುವ ದೇವರನ್ನೇ ಪುಸ್ತಕ ಎದುರಿಗಿಟ್ಟುಕೊಂಡಿದೆ.

ಆ ದೇವರ ಮುಂದೆ ನಿಲ್ಲುವ ದೊಡ್ಡ ಪ್ರಶ್ನೆ ದುಃಖದ್ದು. ನನ್ನ ಚಿಕ್ಕಮ್ಮನ ಮಗಳ ಮಗುವಿಗೆ ಥಲಸೀಮಿಯಾ; ಮೂರು ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ದು ರಕ್ತ ಹಾಕಿಸಬೇಕು. ನರ್ಸ್ ಆ ಎಳೆಯ ಮುಂಗೈಯಲ್ಲಿ ನರ ಹುಡುಕುವಾಗ, ಒಂದೆರಡು ಸಲ ಸೂಜಿ ತಪ್ಪಿದಾಗ, ಇವಳು ಮಗುವಿನ ಇನ್ನೊಂದು ಕೈಯನ್ನು ಒತ್ತಿ ಹಿಡಿದು ಕೂತಿರುತ್ತಾಳೆ. ಅಂಥ ಹೊತ್ತಿನಲ್ಲೇ, ನೋಡಲು ಬಂದ ನೆಂಟರೊಬ್ಬರು, ಹೋದ ಜನ್ಮದಲ್ಲಿ ಯಾವ ಸರ್ಪವನ್ನು ಕೊಂದಿದ್ದಿರೋ ಏನೋ ಎಂದರು. ಅವರಿಗೆ ಕೆಡುಕಿನ ಉದ್ದೇಶವಿರಲಿಲ್ಲ, ತಮಗೆ ತಿಳಿದ ಸಮಾಧಾನವನ್ನೇ ಹೇಳಿದ್ದರು. ತಂದೆ ತಾಯಿ ಇಬ್ಬರೂ ಆ ರೋಗದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಡಾಕ್ಟರು ವಿವರಿಸಿದ್ದರೂ, ನೆಂಟರ ಆ ಮಾತು ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಮುಂದೆ ಆ ವಾರ್ಡಿನಲ್ಲೇ ಕೂತು ‘ದೇವರು’ ಓದಿ ಮುಗಿಸಿದಳು. “ಅಣ್ಣ, ಇದು ಯಾರು ಕೊಟ್ಟ ಶಿಕ್ಷೆಯೂ ಅಲ್ಲ ಅಂತ ಮನೆ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಹೇಳಿದ ಹಾಗಾಯ್ತು” ಎಂದಳು. ಅವಳು ಇಂದಿಗೂ ಗೌರಿಹಬ್ಬ ಮಾಡುತ್ತಾಳೆ. ಆ ಪುಸ್ತಕದಿಂದ ಹೋದದ್ದು ತಾನು ತಪ್ಪು ಮಾಡಿದ್ದೇನೆಂಬ ಕೊರಗು ಮಾತ್ರ.

ಇಂಥ ಮಾತು ಹೇಳುವವರು ತಿಳಿವಳಿಕೆಯಿಲ್ಲದವರು ಮಾತ್ರವೇ ಆಗಿದ್ದರೆ ಪುಸ್ತಕ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಗಾಂಧೀಜಿಯೇ ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಟ್ಯಾಗೋರರು ಇದನ್ನು ಕಟುವಾಗಿ ಖಂಡಿಸಿದರು. ಗಾಂಧೀಜಿ ಆ ಖಂಡನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಪ್ರಕಟಿಸಿ ಉತ್ತರಿಸಿದರು. ಒಡೆದ ಗೋಡೆಗಳು ಜಾತಿ ನೋಡಿ ಯಾರ ಮೇಲೂ ಬಿದ್ದಿರಲಿಲ್ಲ. ಮೂರ್ತಿರಾಯರ ಪುಸ್ತಕ ಬಂದ ಎರಡು ವರ್ಷಕ್ಕೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನ ವಿಸರ್ಜನೆ ಮುಗಿಸಿ ಮಲಗಿದ್ದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲಿನ ಜನ ಸಾವಿರಗಟ್ಟಲೆ ಸತ್ತರು. ಅಲ್ಲಿನ ಮನೆಗಳು ಮಣ್ಣಿನ ಗಾರೆಯಲ್ಲಿ ಕಲ್ಲಿಟ್ಟು ಕಟ್ಟಿದ್ದವು. ಭಾರದ ಮಾಳಿಗೆಯಡಿ ಮಲಗಿದ್ದವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದೈವಚಿತ್ತದ ಮಾತು ಪಕ್ಕಕ್ಕೆ ಸರಿದಾಗಲೇ ಗೋಡೆಗಳ ಮಾತಾಡಲು ಸಾಧ್ಯ.

ಈ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಉತ್ತರವಿಲ್ಲವೆಂದಲ್ಲ. ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ದೇವರ ಮೇಲೆ ಬರುವ ಪಕ್ಷಪಾತ ಮತ್ತು ನಿರ್ದಯೆಯ ಆರೋಪವನ್ನು ತಾನೇ ಎತ್ತಿಕೊಂಡು, ಆತ ಪ್ರಾಣಿಗಳ ಕರ್ಮವನ್ನು ನೋಡಿ ಸೃಷ್ಟಿಸುವುದರಿಂದ ಆ ದೋಷ ತಗಲುವುದಿಲ್ಲವೆನ್ನುತ್ತದೆ. ಮಳೆ ಎಲ್ಲ ಬೀಜಗಳಿಗೂ ಒಂದೇ, ಭತ್ತ ಭತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣದಿಂದ ಎಂಬುದು ಶಂಕರರು ಕೊಡುವ ವಿವರಣೆ. ಬಹಳ ಸೂಕ್ಷ್ಮವಾದ ವಾದ. ಆದರೆ ಬೀಜಕ್ಕೆ ತಕ್ಕಂತೆ ಬೆಳೆಸುವುದಷ್ಟೇ ದೇವರ ಕೆಲಸವಾದರೆ, ಬೇಡಿಕೊಂಡವರಿಗೆ ಕರುಣೆ ತೋರಲು ಆತನ ಕೈಯಲ್ಲಿ ಉಳಿಯುವುದಾದರೂ ಏನು? ತೋರಬಲ್ಲನಾದರೆ, ಬೇಡಿಕೊಳ್ಳಲು ಮಾತೇ ಬರದ ಕೂಸಿಗೆ ಏಕೆ ತೋರಲಿಲ್ಲ? ಈ ಎರಡರಲ್ಲಿ ಯಾವುದನ್ನು ಒಪ್ಪಿದರೂ ಹರಕೆಯ ದೇವರು ನಿಲ್ಲುವುದಿಲ್ಲ.

ದೇವರನ್ನು ಪ್ರಶ್ನಿಸುವುದು ಕನ್ನಡಕ್ಕೆ ಹೊರಗಿನಿಂದ ಬಂದದ್ದೆನ್ನುವವರು ಈ ಪುಸ್ತಕಕ್ಕೆ ಸಂದ ಪಂಪ ಪ್ರಶಸ್ತಿಯ ಹೆಸರನ್ನೇ ಒಮ್ಮೆ ನೆನೆಯಬಹುದು. ಹತ್ತನೆಯ ಶತಮಾನದಲ್ಲಿ ಆದಿಪುರಾಣ ಬರೆದ ಪಂಪ ಜೈನ. ಲೋಕಕ್ಕೆ ಸೃಷ್ಟಿಕರ್ತನಿಲ್ಲವೆಂಬುದು ಆತನ ಮತದ ಮೂಲ ನಿಲುವುಗಳಲ್ಲೊಂದು.

ವಿರೋಧ

ಆಸ್ಪತ್ರೆಯ ವಾರ್ಡಿನಲ್ಲಿ ಕೇಳಿಬಂದ ಆ ಮಾತು ಕ್ರೂರವೆಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನರಳುವ ಮಗುವಿನ ತಾಯಿಗೆ ಕರ್ಮದ ಲೆಕ್ಕ ಒಪ್ಪಿಸುವವರ ಬಾಯಿ ಮುಚ್ಚಿಸಲು ಒಂದು ಪುಸ್ತಕ ನೆರವಾಯಿತಾದರೆ ಅದಕ್ಕೆ ಕೃತಜ್ಞರಾಗಿರಬೇಕು. ಸರ್ವಶಕ್ತಿ ಮತ್ತು ಸಂಪೂರ್ಣ ದಯೆ ಎರಡನ್ನೂ ಒಬ್ಬನಲ್ಲೇ ಆರೋಪಿಸಿ, ಲೋಕದ ದುಃಖವನ್ನು ವಿವರಿಸುವುದು ಆಗದ ಕೆಲಸವೆಂಬುದನ್ನೂ ಒಪ್ಪುತ್ತೇನೆ. ನನ್ನ ತಕರಾರು ಇರುವುದು, ಅದನ್ನು ತೋರಿಸಿದರೆ ನಂಬುವವರ ನಂಬಿಕೆಯನ್ನು ಪರೀಕ್ಷಿಸಿದಂತಾಯಿತು ಎಂಬ ತೀರ್ಮಾನದಲ್ಲಿ.

ಹರಕೆ ಹೊರುವವರೆಲ್ಲ ಸರ್ವಶಕ್ತನನ್ನೇ ನಂಬಿದ್ದಾರೆಂಬುದು ಮೇಲಿನ ಬರಹದ ಊಹೆ. ನಮ್ಮ ಊರುಗಳನ್ನು ನೋಡಿದರೆ ಅದು ಅಷ್ಟು ಸಲೀಸಾಗಿ ಒಪ್ಪಬಹುದಾದ ಊಹೆಯಲ್ಲ. ಊರ ಮಾರಮ್ಮ ಮುನಿಯುತ್ತಾಳೆ, ಪೂಜೆ ತಪ್ಪಿದರೆ ಕಾಡುತ್ತಾಳೆ, ಅವಳ ಎಲ್ಲೆ ಆ ಊರಿನ ಗಡಿಗೆ ಮುಗಿಯುತ್ತದೆ. ಲೋಕವನ್ನೆಲ್ಲ ಅವಳೇ ಸೃಷ್ಟಿಸಿದಳೆಂದಾಗಲಿ, ಅವಳು ಕರುಣೆಯೇ ಮೈವೆತ್ತವಳೆಂದಾಗಲಿ ಊರವರು ಹೇಳುವುದಿಲ್ಲ. ತುಳುನಾಡಿನಲ್ಲಿ ನೇಮದ ರಾತ್ರಿ ದೈವ ಮೈಮೇಲೆ ಬಂದು ನುಡಿ ಕೊಡುವಾಗ, ಊರವರು ಎದುರಿಗೇ ನಿಂತು ಮನೆಯ ಕಷ್ಟ, ಜಾಗದ ತಗಾದೆ ಎಲ್ಲವನ್ನೂ ಮುಂದಿಡುತ್ತಾರೆ. ನಂಬಿಕೊಂಡು ಬಂದವರಿಗೆ ಹೀಗೇಕಾಯಿತೆಂದು ಕೇಳುತ್ತಾರೆ, ದೈವ ಉತ್ತರ ಕೊಡಬೇಕಾಗುತ್ತದೆ. ಇದು ಕೊಡು ಕೊಳ್ಳುವ, ಮುನಿಯುವ, ರಾಜಿಯಾಗುವ ಸಂಬಂಧ. ಹೀಗೆ ನಂಬುವವರ ಮುಂದೆ ದುಃಖದ ಸಮಸ್ಯೆಯನ್ನು ಇಟ್ಟರೆ, ಅದು ತಮಗೆ ಮೊದಲೇ ಗೊತ್ತೆಂದು ಅವರು ಹೇಳಿಯಾರು. ಕರ್ನಾಟಕದ ಬಹುಪಾಲು ಭಕ್ತಿ ಇಂಥ ದೇವತೆಗಳ ಸುತ್ತ ಇರುವಾಗ, ವಾದದ ಭಾರವನ್ನೆಲ್ಲ ಸೃಷ್ಟಿಕರ್ತನ ಮೇಲೆ ಹೇರಿದ ಪುಸ್ತಕ ನಂಬುವವರಲ್ಲಿ ಒಂದು ವರ್ಗದ ಜೊತೆ ಮಾತ್ರ, ಅದರಲ್ಲೂ ಓದು ಬರಹ ಬಲ್ಲ, ಪುರಾಣ ಪ್ರವಚನ ಕೇಳಿ ಬೆಳೆದ ವರ್ಗದ ಜೊತೆ ಮಾತಾಡಿದಂತಾಗುತ್ತದೆ.

ಆ ವರ್ಗದವರ ವಿಷಯವೂ ಅಷ್ಟು ಸರಳವಲ್ಲ. ನನ್ನ ದೊಡ್ಡಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ‘ದೇವರು’ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿದ್ದರು. ದುಃಖದ ಚರ್ಚೆ ಬರುವ ಪುಟಗಳ ಅಂಚಿನಲ್ಲಿ “ನಿಜ” ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಹಾಗಿದ್ದೂ ಸಂಜೆ ಆರೂವರೆಗೆ ಬತ್ತಿ ಹೊಸೆದು, ಎಣ್ಣೆ ಹಾಕಿ, ದೀಪ ಹಚ್ಚುವುದನ್ನು ಅವರು ಬಿಡಲಿಲ್ಲ. ಏಕೆಂದು ಕೇಳಿದೆ. “ಅವರು ಹೇಳಿದ್ರಲ್ಲಿ ತಪ್ಪೇನಿಲ್ಲ ಕಣೋ. ಆದ್ರೆ ಲೋಕ ಹೇಗೆ ಹುಟ್ಟಿತು ಅಂತ ತಿಳ್ಕೊಳ್ಳೋಕೆ ನಾನು ದೀಪ ಹಚ್ಚೋದಲ್ಲ. ನಿಮ್ಮ ದೊಡ್ಡಪ್ಪ ಹೋದ ಮೇಲೆ ಆ ಹೊತ್ತು ನನ್ನನ್ನ ಹಿಡಿದು ನಿಲ್ಲಿಸಿದೆ” ಎಂದರು. ಈ ಉತ್ತರವನ್ನು ವಾದದ ಸೋಲೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ತಪ್ಪು. ವಾದವನ್ನು ಪೂರ್ತಿ ಓದಿ, ಒಪ್ಪಿ, ಅದು ತಮ್ಮ ಆಚರಣೆಯನ್ನು ಮುಟ್ಟುವುದಿಲ್ಲವೆಂದು ಕಂಡುಕೊಂಡ ಓದುಗರಿವರು. ಪುಸ್ತಕ ಅವರೊಡನೆ ಸೌಜನ್ಯದಿಂದ ಮಾತಾಡಿತು, ನಿಜ. ಅವರು ದೀಪ ಹಚ್ಚುವುದೇಕೆಂಬ ಪ್ರಶ್ನೆಗೆ ಮಾತ್ರ ಅದರ ತರ್ಕ ತಲುಪುವುದಿಲ್ಲ.

ಭಕ್ತರು ದುಃಖವನ್ನು ಕಂಡೂ ಕಾಣದಂತಿದ್ದಾರೆಂಬ ಧ್ವನಿ ಇಂಥ ಚರ್ಚೆಗಳಲ್ಲೆಲ್ಲ ಇರುತ್ತದೆ. ದಾಸರ ನಿಂದಾಸ್ತುತಿಗಳನ್ನು ಓದಿದವರಿಗೆ ಅದು ಒಪ್ಪಿಗೆಯಾಗದು. ನೀನು ಕೊಟ್ಟದ್ದೇನು, ನಿನ್ನನ್ನು ನಂಬಿ ಕೆಟ್ಟವರೆಷ್ಟು ಎಂದು ಭಕ್ತರೇ ದೇವರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ್ದಾರೆ, ಅದೂ ನಾಲ್ಕೈದು ಶತಮಾನಗಳ ಹಿಂದೆ. ನಾಸ್ತಿಕರು ಕೇಳುವ ಪ್ರಶ್ನೆಯನ್ನೇ ಕೇಳಿ, ಉತ್ತರ ಸಿಗದಿದ್ದರೂ ಮಾತು ಬಿಡದೆ ಉಳಿದ ಈ ಜನರ ನಂಬಿಕೆಯನ್ನು ತಾರ್ಕಿಕ ಪ್ರಮೇಯವೊಂದನ್ನು ಒಪ್ಪಿಕೊಂಡ ಸ್ಥಿತಿಯೆಂದು ನೋಡಿದರೆ ಅದರ ಮುಖ್ಯ ಭಾಗವೇ ಕೈಬಿಟ್ಟುಹೋಗುತ್ತದೆ.

ಪಂಪನ ಉದಾಹರಣೆ ನನ್ನ ಮಾತಿಗೇ ಹೆಚ್ಚು ಒದಗುತ್ತದೆ. ಸೃಷ್ಟಿಕರ್ತನಿಲ್ಲವೆಂದ ಮತ ಬಸದಿಗಳನ್ನು ಕಟ್ಟಿತು, ಪೂಜೆ ಉಪವಾಸಗಳನ್ನು ಉಳಿಸಿಕೊಂಡಿತು. ವೇದವನ್ನು ಪ್ರಮಾಣವೆಂದು ಒಪ್ಪಿ ಯಜ್ಞಗಳನ್ನು ಸಮರ್ಥಿಸಿದ ಮೀಮಾಂಸಕರಲ್ಲಿ ಕುಮಾರಿಲಭಟ್ಟನಂಥವನೇ ಸೃಷ್ಟಿಕರ್ತನ ಕಲ್ಪನೆಯನ್ನು ಖಂಡಿಸಿದ್ದಾನೆ. ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಬಾರಿ 2018ರಲ್ಲಿ ಆಯಿತು. ವಿಂಧ್ಯಗಿರಿಯ ಮೇಲೆ ಅಟ್ಟಣೆ ಕಟ್ಟಿ, ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅರಿಸಿನ, ಶ್ರೀಗಂಧಗಳನ್ನು ಕಳಶ ಕಳಶವಾಗಿ ಬಾಹುಬಲಿಯ ತಲೆಯ ಮೇಲೆ ಸುರಿದರು, ಕೆಳಗೆ ನಿಂತವರು ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದರು. ಮುಕ್ತನಾದ ಬಾಹುಬಲಿ ಯಾರ ಮೊರೆಯನ್ನೂ ಕೇಳುವುದಿಲ್ಲ, ವರ ಕೊಡುವುದಿಲ್ಲ ಎಂಬುದು ಜೈನ ಸಿದ್ಧಾಂತ. ಅದನ್ನು ತಿಳಿದೇ ಕಳಶ ಎತ್ತಿ ಕೊಟ್ಟವರ ಕೈಯಲ್ಲಿ ‘ದೇವರು’ ಪುಸ್ತಕವನ್ನು ಇಟ್ಟರೆ, ಅದರ ವಾದದಲ್ಲಿ ಅವರು ಬಿಟ್ಟುಕೊಡಬೇಕಾದದ್ದು ಏನೂ ಇಲ್ಲ. ಅದು ಅಲ್ಲಗಳೆಯುವ ಸೃಷ್ಟಿಕರ್ತನನ್ನು ಅವರ ಮತ ಎಂದೂ ಒಪ್ಪಿರಲಿಲ್ಲ.