ಮೌಸಾದ್ರೆ ಒಂದು ರೇಟು, ರ‍್ಯಾಟಾದ್ರೆ ಇನ್ನೊಂದು

ರಾತ್ರಿ ಒಂದು ಗಂಟೆ ಹೊತ್ತಿಗೆ ಅಡುಗೆಮನೆಯಲ್ಲಿ ಸರಸರ ಸದ್ದಾಯಿತು. "ರೀ, ಇಲಿ" ಅಂದಳು ಹೆಂಡತಿ. ಎರಡೇ ಅಕ್ಷರ. ಕನ್ನಡದಲ್ಲಿ ಅಷ್ಟು ಸಾಕು. ನಾನು ಅದನ್ನು ಇಂಗ್ಲಿಷಿಗೆ ತರಲು ಹೋದೆ ನೋಡಿ, ಅಲ್ಲಿಂದ ಶುರುವಾಯಿತು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನೀರು ಬರದಿದ್ದರೂ ಇಂಗ್ಲಿಷು, ಲಿಫ್ಟ್ ಕೆಟ್ಟರೂ ಇಂಗ್ಲಿಷು. ಬೆಳಗ್ಗೆ ಎದ್ದವನೇ ನಮ್ಮ ಕಿಚನ್ನಿನಲ್ಲಿ ಒಂದು ಮೌಸ್ ಇದೆ ಅಂತ ಹಾಕಿದೆ. ಎರಡು ಕೆಂಪು ಹೃದಯ ಬಂದವು. ಮೂರನೇ ಮಹಡಿಯ ಮಗುವಿಗೆ ಅದನ್ನು ನೋಡಬೇಕಂತೆ. ಒಬ್ಬ ಸಾಫ್ಟ್‌ವೇರ್ ಮಹಾಶಯ "ವೈರಿಂದೋ, ವೈರ್‌ಲೆಸ್ಸೋ?" ಅಂತ ಕೇಳಿದ. ಕಮಿಟಿಯವರ ಸುದ್ದಿಯೇ ಇಲ್ಲ.

"ಮೌಸ್ ಅಂದ್ರೆ ಯಾರು ಬರ್ತಾರ್ರೀ? ರ‍್ಯಾಟ್ ಅನ್ನಿ" ಅಂದಳು ಇವಳು. ಅಂದೆ. ಹತ್ತು ನಿಮಿಷದಲ್ಲಿ ಸೆಕ್ರೆಟರಿ ಫೋನ್. ಎದುರು ಮನೆಯವರು ಬಾಗಿಲ ಸಂದಿಗೆ ಬಟ್ಟೆ ತುರುಕಿದರು. ನಾವು ಕಸ ಯಾವ ಹೊತ್ತಿಗೆ ಹೊರಗಿಡುತ್ತೇವೆ ಅನ್ನೋದರ ಬಗ್ಗೆ ಚರ್ಚೆಯಾಯಿತು. ಯಾರೋ ಇಲಿಜ್ವರದ ಲಕ್ಷಣಗಳನ್ನು ಉದ್ದಕ್ಕೆ ಹಾಕಿದರು. ಅದೇ ಇಲಿ, ಅದೇ ಅಡುಗೆಮನೆ. ಬದಲಾಗಿದ್ದು ಒಂದು ಪದ.

ಇಂಗ್ಲಿಷಿನವರಿಗೆ ಮೌಸ್ ಅಂದರೆ ಪಾಪದ್ದು, ರ‍್ಯಾಟ್ ಅಂದರೆ ದ್ರೋಹಿ. ಕಂಪ್ಯೂಟರ್ ತಜ್ಞ ಡಗ್ಲಸ್ ಎಂಗಲ್‌ಬಾರ್ಟ್ 1968ರಲ್ಲಿ ತಮ್ಮ ಪುಟ್ಟ ಯಂತ್ರವನ್ನು ಜನರ ಮುಂದೆ ಆಡಿಸಿ ತೋರಿಸಿದಾಗ ಅದರ ಹೆಸರು ಮೌಸ್. ಬಾಲದ ಹಾಗೆ ವೈರಿತ್ತಲ್ಲ, ಅದಕ್ಕೆ. ರ‍್ಯಾಟ್ ಅಂದಿದ್ದರೆ ದಿನಾ ಎಂಟು ಗಂಟೆ ಅದರ ಬೆನ್ನು ಸವರುತ್ತಾ ಕೂರುತ್ತಿದ್ದೆವಾ? ಮೌಸ್ ನಮಗೆ ದೂರದ ನೆಂಟನೂ ಹೌದು. ಸಂಸ್ಕೃತದ ಮೂಷಿಕ, ಇಂಗ್ಲಿಷಿನ ಮೌಸ್ ಎರಡೂ ಒಂದೇ ಬೇರಿನವು. ಮಸಲ್ ಅನ್ನೋ ಪದಕ್ಕೂ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ ಅಂತಲೇ ಅರ್ಥ. ಅವರಿಗೆ ಚರ್ಮದ ಕೆಳಗೆ ಇಲಿ ಓಡಾಡಿದ ಹಾಗೆ ಕಂಡಿತು. ನಮ್ಮವರಿಗೆ ಕಾಲಿನಲ್ಲಿ ಮೀನು ಕಂಡಿತು, ಮೀನಖಂಡ ಅಂದರು. ಅಡುಗೆಮನೆಗೆ ಮೀನು ಬಂದಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ.

ಮಧ್ಯಾಹ್ನ ಪೆಸ್ಟ್ ಕಂಟ್ರೋಲಿನ ಹುಡುಗ ಬಂದ. ಚೀಲ ಕೆಳಗಿಡುವ ಮೊದಲೇ ಕೇಳಿದ:

"ಸಾರ್, ಮೌಸಾ, ರ‍್ಯಾಟಾ?"

"ಇಲಿ ಕಣಪ್ಪಾ."

"ಅದು ಗೊತ್ತು ಸಾರ್. ರೇಟು ಬೇರೆ ಬೇರೆ."

ಅವನಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು, ಅದನ್ನು ಒಪ್ಪಬೇಕು. ಮೌಸ್ ಇಪ್ಪತ್ತು ಗ್ರಾಂ ತೂಗಿದರೆ ರ‍್ಯಾಟ್ ಅದರ ಹತ್ತು ಪಟ್ಟು ತೂಗಬಹುದು. ಮೌಸಿಗೆ ಕುತೂಹಲ ಜಾಸ್ತಿ, ಹೊಸ ವಸ್ತು ಇಟ್ಟರೆ ಅವತ್ತೇ ಬಂದು ಮೂಸುತ್ತದೆ. ರ‍್ಯಾಟಿಗೆ ಅನುಮಾನ. ಬೋನು ಇಟ್ಟರೆ ದಿನಗಟ್ಟಲೆ ದೂರದಿಂದಲೇ ನೋಡುತ್ತದೆ, ಹೊಸ ಸೊಸೆಯ ಅಡುಗೆಯನ್ನು ಹಿರಿಯರು ನೋಡಿದ ಹಾಗೆ. "ಹಿಕ್ಕೆ ತೋರಿಸಿ ಸಾರ್, ಹೇಳ್ತೀನಿ" ಅಂದ. ಮೌಸಿನದು ಅಕ್ಕಿಕಾಳಿನಷ್ಟು, ರ‍್ಯಾಟಿನದು ಒಣದ್ರಾಕ್ಷಿಯಷ್ಟಂತೆ.

ಮೂವರೂ ಟಾರ್ಚ್ ಹಿಡಿದು ಹುಡುಕಿದೆವು. ಗ್ಯಾಸ್ ಸಿಲಿಂಡರಿನ ಹಿಂದೆ ಒಂದು ಸಿಕ್ಕಿತು. ಕಪ್ಪಗೆ, ದಪ್ಪಗೆ. "ರ‍್ಯಾಟೇ!" ಎಂದು ಕೂಗಿದೆ. ಹುಡುಗ ಹಾಳೆಯ ಮೇಲೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಹೆಂಡತಿ ಒಂದು ನೋಟ ನೋಡಿ, "ಅದು ಸೋಮವಾರದ ಕೇಸರಿಬಾತಿನ ದ್ರಾಕ್ಷಿ ಕಣ್ರೀ" ಅಂದಳು. ಅವತ್ತಿನಿಂದ ನಮ್ಮ ಮನೆಯ ಕೇಸರಿಬಾತಿಗೆ ದ್ರಾಕ್ಷಿ ಬಂದ್.

ಹುಡುಗ ಸುಮ್ನೆ ಇರಲಿ ಅಂತ ದೊಡ್ಡ ಬೋನು ಇಟ್ಟು ರ‍್ಯಾಟಿನ ರೇಟೇ ತಗೊಂಡು ಹೋದ. ಸುಟ್ಟ ಕೊಬ್ಬರಿ ಸಿಕ್ಕಿಸಿದ್ದೆವು. ನಾಲ್ಕು ದಿನ ಕಳೆಯಿತು. ಕೊಬ್ಬರಿ ಹಾಗೇ ಇತ್ತು.

ಐದನೇ ದಿನ ಊರಿಂದ ಅಮ್ಮ ಬಂದಳು. ರಾತ್ರಿ ನೀರು ಕುಡಿಯಲು ಎದ್ದವಳು ಅಡುಗೆಮನೆಯಿಂದಲೇ ಕೂಗಿದಳು: "ಲೋ, ಇದಕ್ಕಾ ಬೋನು ಇಟ್ಟಿರೋದು? ಸುಂಡಿಲಿ ಕಣೋ ಇದು!" ಚೂಪು ಮೂತಿಯದೊಂದು ಪ್ರಾಣಿ ಚಿಕ್ ಚಿಕ್ ಅನ್ನುತ್ತಾ ಗೋಡೆಗೆ ಅಂಟಿಕೊಂಡೇ ಓಡಿ, ಬೋನಿನ ಪಕ್ಕದಲ್ಲೇ ಹಾದು ಹೋಯಿತು. ಹಿಂದೆಯೇ ಕಮಟು ವಾಸನೆ. "ಜಿರಳೆ ತಿನ್ನೋಕೆ ಬಂದಿರುತ್ತೆ, ಬಿಡು" ಅಂತ ಹೇಳಿ ಅಮ್ಮ ಮಲಗಿದಳು.

ನನಗೆ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಸುಂಡಿಲಿ ಮೌಸೂ ಅಲ್ಲ, ರ‍್ಯಾಟೂ ಅಲ್ಲ. ಹೆಸರಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಯದೇ ಅಲ್ಲವಂತೆ. ಇಂಗ್ಲಿಷಿನಲ್ಲಿ ಅದಕ್ಕೆ ಶ್ರೂ ಅಂತ ಬೇರೆ ಹೆಸರಿದೆ. ಗ್ರೂಪಿನವರ ಹೆದರಿಕೆ ಹೋಗಲಿ ಅಂತ ಅರ್ಧ ರಾತ್ರಿಯಲ್ಲೇ ಇಂಗ್ಲಿಷಿನಲ್ಲಿ ಬರೆದೆ: ಯಾರೂ ಗಾಬರಿಯಾಗಬೇಡಿ, ನಮ್ಮ ಕಿಚನ್ನಿನಲ್ಲಿ ಇರುವುದು ಬರೀ ಒಂದು ಶ್ರೂ.

ಬೆಳಗ್ಗೆ ಎದ್ದಾಗ ಆರು ಜನ ಗಂಡಸರು ಹೆಬ್ಬೆರಳು ಎತ್ತಿದ್ದರು. ಒಬ್ಬರು "ನಮ್ಮಲ್ಲೂ" ಅಂತ ಬರೆದಿದ್ದರು. ನನಗೆ ಅರ್ಥವಾಗಲಿಲ್ಲ. ಕಾಫಿ ಬಂದಿಲ್ಲವಲ್ಲ ಅಂತ ಅಡುಗೆಮನೆಗೆ ಹೋದೆ. ಹೆಂಡತಿ ಒಲೆ ಹಚ್ಚಿರಲಿಲ್ಲ. ಕಟ್ಟೆಗೆ ಒರಗಿ ನಿಂತು ಮೊಬೈಲಿನಲ್ಲಿ ಡಿಕ್ಷನರಿ ತೆಗೆದಿದ್ದಳು.

"ಶ್ರೂ. ಎರಡನೇ ಅರ್ಥ, ಜಗಳಗಂಟಿ ಹೆಂಗಸು" ಅಂತ ನಿಧಾನವಾಗಿ ಓದಿದಳು. "ಗ್ರೂಪಿನಲ್ಲಿ ನೀವು ಬರೆದಿದ್ದು ಯಾವ ಅರ್ಥದಲ್ಲಿ?"