ಲಾಲ್‌ಬಾಗಿನ ಉಗುರು ಡಾಕ್ಟರು

ಬೆಳಗ್ಗೆ ಆರೂವರೆ. ಲಾಲ್‌ಬಾಗ್ ಕೆರೆ ಪಕ್ಕದ ಬೆಂಚಿನ ಮೇಲೆ ನಾಲ್ಕು ಬೋಳು ತಲೆ, ಮೂವತ್ತೆರಡು ಉಗುರು. ಹೆಬ್ಬೆರಳಿಗೆ ರಜೆ. ಉಳಿದವೆಲ್ಲ ಕರಕರ ಅಂತ ಒಂದಕ್ಕೊಂದು ಉಜ್ಜಿಕೊಳ್ಳುತ್ತಿವೆ. ಕೂದಲು ಬರುತ್ತದಂತೆ. ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಕೂದಲು ಬಂದಿಲ್ಲ. ಉಗುರಿನ ಮೇಲೆ ಪಾಂಡಿತ್ಯ ಮಾತ್ರ ಸೊಂಪಾಗಿ ಬೆಳೆದಿದೆ.

ಮೊನ್ನೆ ನನ್ನ ಕೈ ಸಿಕ್ಕಿತು. ಯಜಮಾನರೊಬ್ಬರು ಕನ್ನಡಕ ಹಣೆಗೇರಿಸಿದರು.

"ಬಿಳಿ ಚುಕ್ಕೆ! ಕ್ಯಾಲ್ಸಿಯಂ ಕಮ್ಮಿ ಕಣಯ್ಯಾ. ನಾಳೆಯಿಂದ್ಲೇ ಮಾತ್ರೆ ತಗೋ."

ಚಿಕ್ಕವನಿದ್ದಾಗ ಇದೇ ಚುಕ್ಕೆ ನೋಡಿ ಅಜ್ಜಿ "ಹೊಸ ಬಟ್ಟೆ ಬರುತ್ತೆ ಬಿಡೋ" ಅನ್ನುತ್ತಿದ್ದರು. ಎರಡೂ ಅಷ್ಟೇ ವಿಜ್ಞಾನ. ಅಜ್ಜಿಯದರಲ್ಲಿ ಖರ್ಚು ಅಪ್ಪನದಾಗಿತ್ತು, ಅಷ್ಟೇ ವ್ಯತ್ಯಾಸ. ಇಂಥ ಚುಕ್ಕೆ ಸಾಮಾನ್ಯವಾಗಿ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಪೆಟ್ಟು ಬಿದ್ದು ಎಷ್ಟೋ ವಾರದ ಮೇಲೆ ಕಾಣಿಸುತ್ತದೆ. ಉಗುರು ಬೆಳೆಯೋದೇ ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಲ್ವಾ! ಮೈಸೂರಿನಲ್ಲಿ ಮಾಡುವ ಓಟಿನ ಶಾಯಿ ಮೆಲ್ಲಗೆ ತುದಿಗೆ ಸಾಗೋದನ್ನು ನೋಡಿದವರಿಗೆಲ್ಲ ಇದು ಗೊತ್ತು. ಅಂದರೆ ಸುಮಾರು ಅರ್ಧ ಬೆಂಗಳೂರಿಗೆ.

ತಮಾಷೆ ಏನು ಗೊತ್ತಾ? ಇವರು ದಿನಾ ಒಂದು ಅಸಲಿ ಪರೀಕ್ಷೆಯ ಹೊಸ್ತಿಲವರೆಗೆ ಹೋಗಿ ವಾಪಸ್ ಬರುತ್ತಾರೆ. ಎರಡು ಕೈಯ ಅದೇ ಬೆರಳುಗಳನ್ನು ಉಗುರಿಗೆ ಉಗುರು ತಾಗಿಸಿ ಹಿಡಿದರೆ ಬುಡದಲ್ಲಿ ವಜ್ರದಾಕಾರದ ಸಣ್ಣ ಸಂದು ಕಾಣಬೇಕು. ಸಂದು ಮುಚ್ಚಿ, ಬೆರಳ ತುದಿ ಊದಿಕೊಂಡಿದ್ದರೆ ಶ್ವಾಸಕೋಶ, ಹೃದಯ ತೋರಿಸಿಕೊಳ್ಳಬೇಕು. ದಕ್ಷಿಣ ಆಫ್ರಿಕಾದ ಹೃದಯ ತಜ್ಞ ಶಾಮ್ರೋತ್ 1976ರಲ್ಲಿ ಇದನ್ನು ಬರೆದದ್ದು ತನ್ನದೇ ಬೆರಳು ನೋಡಿಕೊಂಡು. ನಮ್ಮವರೂ ಒಂದು ಗಳಿಗೆ ಉಜ್ಜೋದು ನಿಲ್ಲಿಸಿದ್ದರೆ ಸಾಕಿತ್ತು. ಹೇಳಿದೆ. "ನಿಲ್ಲಿಸಿದ್ರೆ ಎಫೆಕ್ಟ್ ಹೋಗುತ್ತಯ್ಯಾ" ಅಂದರು.

ಅಷ್ಟರಲ್ಲಿ ಯಜಮಾನರ ಹೆಂಡತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಒಂದು ಹನಿ ಅವರ ಹೆಬ್ಬೆರಳಿನ ಉಗುರಿನ ಮೇಲೆ ಬಿತ್ತು. ಜಾರಲಿಲ್ಲ, ಅಲ್ಲೇ ನಿಂತಿತು. ಉಗುರು ನಡುವೆ ತಗ್ಗಾಗಿ ಚಮಚದ ಹಾಗಿತ್ತು. ಮೈಯಲ್ಲಿ ಕಬ್ಬಿಣದಂಶ ಕಮ್ಮಿಯಾದರೆ ಹೀಗಾಗೋದುಂಟು.

"ಅಮ್ಮಾ, ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ" ಅಂದೆ.

"ಅವಳದಾ? ಪಾತ್ರೆ ತೊಳೆದು ತೊಳೆದು ಹಾಗಾಗಿದೆ ಬಿಡಯ್ಯಾ" ಅಂದರು ಯಜಮಾನರು. ಕಾಫಿ ಮುಗಿಸಿ, ಲೋಟ ಆಕೆಯ ಕೈಗೇ ಕೊಟ್ಟು, ಮತ್ತೆ ಉಗುರು ಉಜ್ಜತೊಡಗಿದರು.